ಬೆಳಗಿನ ತಟ್ಟೆಯಲ್ಲಿ ಅಕ್ಕಿ ಎಷ್ಟು, ಕಾಳು ಎಷ್ಟು?

ಯಲಹಂಕದಿಂದ ಏಳೂವರೆಯ ಬಸ್ಸು ಹಿಡಿಯುವವರು, ಆರ್.ಟಿ. ನಗರದಿಂದ ಎಂಟು ಗಂಟೆಯ ಟ್ಯೂಷನ್ನಿಗೆ ಓಡುವವರು, ಯಶವಂತಪುರದಲ್ಲಿ ರೈಲು ಇಳಿದು ಕಾಲೇಜಿಗೆ ಹೋಗುವವರು ಹೀಗೆ ನಿಮ್ಮಲ್ಲಿ ಹಲವರು ಬೆಳಗಿನ ತಿಂಡಿಯನ್ನು ಗಡಿಬಿಡಿಯಲ್ಲೇ ಮುಗಿಸುತ್ತೀರಿ. ಕೆಲವರು ಮುಗಿಸುವುದೂ ಇಲ್ಲ. ಕಾಫಿ ಕುಡಿದು ಹೊರಟುಬಿಡುತ್ತೀರಿ. ಅದರಲ್ಲೂ ‘ಸ್ವಲ್ಪ ಸಣ್ಣ ಆಗಬೇಕು’ ಎಂದು ನಿರ್ಧರಿಸಿದವರು ಮೊದಲು ಕೈ ಹಾಕುವುದು ಈ ತಿಂಡಿಯ ಮೇಲೆಯೇ. ಹನ್ನೊಂದು ಗಂಟೆಗೆ ಹೊಟ್ಟೆ ಚುರುಗುಟ್ಟುತ್ತದೆ. ಕ್ಯಾಂಟೀನಿನಲ್ಲಿ ಎರಡು ಸಮೋಸ, ಒಂದು ತಂಪು ಪಾನೀಯ ಒಳಗೆ ಹೋಗುತ್ತವೆ. ಬೆಳಿಗ್ಗೆ ಉಳಿಸಿದ್ದಕ್ಕಿಂತ ಹೆಚ್ಚು ಮಧ್ಯಾಹ್ನಕ್ಕೆ ಮೊದಲೇ ಖರ್ಚಾಗಿರುತ್ತದೆ!

ತಿಂಡಿ ಬಿಡುವುದಕ್ಕಿಂತ ತಿಂಡಿಯ ಸ್ವರೂಪವನ್ನು ಬದಲಿಸುವುದು ಜಾಣತನ. ಅದಕ್ಕೆ ಪರದೇಶದ ಪದಾರ್ಥಗಳು ಬೇಕಿಲ್ಲ, ದುಬಾರಿ ಪುಡಿಗಳೂ ಬೇಕಿಲ್ಲ. ಟಿ.ವಿ. ಪರದೆಯ ಮೇಲೆ ಒಂದೆರಡು ನಿಮಿಷಗಳಲ್ಲಿ ಸರಿದುಹೋಗುವ ಈ ಲೆಕ್ಕವನ್ನು ಇಲ್ಲಿ ಸಾವಧಾನವಾಗಿ ನೋಡೋಣ.

ತಿಂದ ಪಿಷ್ಟ ಎಲ್ಲಿಗೆ ಹೋಗುತ್ತದೆ?

ನಮ್ಮ ಆಹಾರದಲ್ಲಿ ಶಕ್ತಿ ಕೊಡುವ ಅಂಶಗಳು ಮುಖ್ಯವಾಗಿ ಮೂರು: ಶರ್ಕರಪಿಷ್ಟ, ಪ್ರೋಟೀನ್ ಮತ್ತು ಕೊಬ್ಬು. ಒಂದು ಗ್ರಾಂ ಶರ್ಕರಪಿಷ್ಟದಿಂದ ಸುಮಾರು 4 ಕಿಲೋಕ್ಯಾಲರಿ, ಒಂದು ಗ್ರಾಂ ಪ್ರೋಟೀನಿನಿಂದಲೂ ಅಷ್ಟೇ, ಒಂದು ಗ್ರಾಂ ಕೊಬ್ಬಿನಿಂದ ಸುಮಾರು 9 ಕಿಲೋಕ್ಯಾಲರಿ ಶಕ್ತಿ ದೊರೆಯುತ್ತದೆ.

ಇಡ್ಲಿಯ ತುಣುಕೊಂದನ್ನು ಬಾಯಲ್ಲಿಟ್ಟು ಒಂದು ನಿಮಿಷ ಚೆನ್ನಾಗಿ ಅಗಿಯಿರಿ. ನಿಧಾನವಾಗಿ ಸಿಹಿ ರುಚಿ ಬರುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆದು ಸಕ್ಕರೆಯನ್ನಾಗಿ ಮಾಡತೊಡಗಿದ್ದರ ಗುರುತು ಅದು. ಉಳಿದ ಕೆಲಸ ಸಣ್ಣ ಕರುಳಿನಲ್ಲಿ ಮುಗಿದು ಗ್ಲೂಕೋಸ್ ರಕ್ತಕ್ಕೆ ಸೇರುತ್ತದೆ. ರಕ್ತದಲ್ಲಿ ಗ್ಲೂಕೋಸ್ ಏರಿದಾಗ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಬರುತ್ತದೆ. ಅದರ ಅಪ್ಪಣೆಯಂತೆ ಜೀವಕೋಶಗಳು ಗ್ಲೂಕೋಸನ್ನು ಒಳಗೆ ಕರೆದುಕೊಳ್ಳುತ್ತವೆ. ತಕ್ಷಣಕ್ಕೆ ಬೇಡವಾದ ಭಾಗ ಯಕೃತ್ತಿನಲ್ಲಿ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡುತ್ತದೆ. ಈ ಉಗ್ರಾಣ ಚಿಕ್ಕದು, ಒಟ್ಟು ಸುಮಾರು ಅರ್ಧ ಕಿಲೋಗ್ರಾಂ ಮಾತ್ರ. ಅದು ತುಂಬಿದ ಮೇಲೂ ದೇಹಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ತಿನ್ನುತ್ತಲೇ ಇದ್ದರೆ ಮಿಕ್ಕದ್ದು ಕೊಬ್ಬಾಗಿ ಶೇಖರವಾಗುತ್ತದೆ.

ಪ್ರೋಟೀನ್ ಮತ್ತು ನಾರು ಈ ಆಟದ ವೇಗವನ್ನು ತಗ್ಗಿಸುತ್ತವೆ. ಇವು ಇರುವ ಆಹಾರ ಜಠರದಿಂದ ನಿಧಾನವಾಗಿ ಮುಂದೆ ಸಾಗುತ್ತದೆ. ಹಸಿವು ತಡವಾಗಿ ಬರುತ್ತದೆ. ಹನ್ನೊಂದು ಗಂಟೆಯ ಸಮೋಸ ತಾನಾಗಿಯೇ ತಪ್ಪುತ್ತದೆ. ಶರ್ಕರಪಿಷ್ಟ ಕಡಿಮೆಯಿರುವ ತಿಂಡಿಯ ನಿಜವಾದ ಲಾಭ ಇರುವುದು ಇಲ್ಲಿಯೇ.

ನಮ್ಮ ತಿಂಡಿಗಳ ಜಾತಕ

ಇಡ್ಲಿ, ದೋಸೆ, ಚಿತ್ರಾನ್ನ, ಅವಲಕ್ಕಿ, ಉಪ್ಪಿಟ್ಟು, ಶಾವಿಗೆ ಬಾತ್ ಹೆಸರಿಗೆ ಬೇರೆ ಬೇರೆ. ಆದರೆ ಇವುಗಳ ಮೂಲದ್ರವ್ಯ ಅಕ್ಕಿ ಇಲ್ಲವೇ ಗೋಧಿ. ಅಕ್ಕಿ, ಅವಲಕ್ಕಿ, ರವೆ ಯಾವುದನ್ನೇ ತೆಗೆದುಕೊಂಡರೂ 100 ಗ್ರಾಂನಲ್ಲಿ ಸುಮಾರು 70ರಿಂದ 78 ಗ್ರಾಂ ಶರ್ಕರಪಿಷ್ಟ ಇರುತ್ತದೆ. ಸೋಮವಾರ ಚಿತ್ರಾನ್ನ, ಮಂಗಳವಾರ ಅವಲಕ್ಕಿ, ಬುಧವಾರ ಉಪ್ಪಿಟ್ಟು ಎಂದರೆ ರುಚಿ ಬದಲಾಯಿತು, ಲೆಕ್ಕ ಬದಲಾಗಲಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದ ಒಂದು ದೊಡ್ಡ ಸಮೀಕ್ಷೆಯ ಆಹಾರ ಸಂಬಂಧಿ ವರದಿ 2025ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಭಾರತೀಯರು ದಿನದ ಶಕ್ತಿಯಲ್ಲಿ ಶೇಕಡ 62ರಷ್ಟನ್ನು ಶರ್ಕರಪಿಷ್ಟದಿಂದಲೇ ಪಡೆಯುತ್ತಿದ್ದಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ ಧಾನ್ಯಗಳಿಂದ ಬರುವ ಶಕ್ತಿ ಶೇಕಡ 45ನ್ನು ಮೀರಬಾರದೆಂದು ಹೇಳುತ್ತದೆ. ನಮ್ಮ ತಟ್ಟೆಯಲ್ಲಿ ಧಾನ್ಯ ಹೆಚ್ಚು, ಕಾಳು ಕಡಿಮೆ ಎಂಬುದು ಇದರ ತಾತ್ಪರ್ಯ.

‘ಹಾಗಾದರೆ ರಾಗಿ?’ ಎಂದು ನೀವು ಕೇಳಬಹುದು. ರಾಗಿ ಉತ್ತಮ ಧಾನ್ಯ, ಸಂದೇಹವಿಲ್ಲ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಅಕ್ಕಿಗಿಂತ ಎಷ್ಟೋ ಪಾಲು ಹೆಚ್ಚು ನಾರು ಇದೆ. ಆದರೆ ಶರ್ಕರಪಿಷ್ಟವೂ 67ರಿಂದ 72 ಗ್ರಾಂನಷ್ಟು ಇದೆ. ಮೇಲೆ ಹೇಳಿದ ವರದಿ ಕೂಡ ಇದೇ ಮಾತನ್ನು ಹೇಳುತ್ತದೆ: ಒಟ್ಟು ಶರ್ಕರಪಿಷ್ಟವನ್ನು ಕಡಿಮೆ ಮಾಡದೆ ಅಕ್ಕಿಯ ಜಾಗಕ್ಕೆ ಗೋಧಿಯನ್ನೋ ಸಿರಿಧಾನ್ಯವನ್ನೋ ತಂದ ಮಾತ್ರಕ್ಕೆ ಸಕ್ಕರೆ ಕಾಯಿಲೆಯ ಅಪಾಯ ತಗ್ಗುವುದು ಕಾಣಲಿಲ್ಲ. ರಾಗಿ ರೊಟ್ಟಿ ತಿನ್ನಿ, ಆದರೆ ಮೂರರ ಬದಲು ಒಂದು ತಿನ್ನಿ. ಉಳಿದ ಜಾಗವನ್ನು ಕಾಳಿನ ಪಲ್ಯಕ್ಕೆ ಬಿಡಿ.

ಹೆಬ್ಬಾಳದ ಹೆಸರು ಹೊತ್ತ ಅವರೆ

ಆ ಕಾಳು ಯಾವುದು? ಬೆಂಗಳೂರಿನ ಉತ್ತರ ಭಾಗದಲ್ಲಿರುವ ನಿಮಗೆ ಉತ್ತರ ಹತ್ತಿರದಲ್ಲೇ ಇದೆ. 1899ರಲ್ಲಿ ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ ಕೊಟ್ಟ 30 ಎಕರೆ ಜಮೀನಿನಲ್ಲಿ ಕೃಷಿ ಸಂಶೋಧನೆ ಆರಂಭವಾಯಿತು. 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಹೆಬ್ಬಾಳ ಮತ್ತು ಯಲಹಂಕದ ನಡುವೆ ಹಬ್ಬಿರುವ ಗಾಂಧಿ ಕೃಷಿ ವಿಜ್ಞಾನ ಕೇಂದ್ರವನ್ನು, ಅಂದರೆ ಜಿ.ಕೆ.ವಿ.ಕೆ.ಯನ್ನು, ನೀವು ಬಸ್ಸಿನ ಕಿಟಕಿಯಿಂದ ನೋಡಿಯೇ ಇರುತ್ತೀರಿ.

ನಮ್ಮ ನಾಡಿನ ಹಳೆಯ ಅವರೆಗೆ ಒಂದು ವಿಶೇಷ ಗುಣವಿದೆ. ಹಗಲು ಚಿಕ್ಕದಾಗತೊಡಗಿದ ಮೇಲೆಯೇ ಅದು ಹೂ ಬಿಡುತ್ತದೆ. ಆದ್ದರಿಂದಲೇ ಚಳಿಗಾಲದಲ್ಲಿ ಮಾತ್ರ ಸೊಗಡಿನ ಅವರೆಕಾಯಿ ಮಾರುಕಟ್ಟೆಗೆ ರಾಶಿ ಬೀಳುತ್ತಿತ್ತು. ಹಗಲಿನ ಉದ್ದವನ್ನು ಲೆಕ್ಕಿಸದೆ ಹೂ ಬಿಡುವ, ಗಿಡ್ಡಗೆ ಬೆಳೆಯುವ ತಳಿಗಳನ್ನು ಈ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಅಭಿವೃದ್ಧಿಪಡಿಸಿದರು. ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಎಂಬುವು ಅಂಥ ತಳಿಗಳು. ವರ್ಷದ ಬೇರೆ ತಿಂಗಳುಗಳಲ್ಲೂ ಅವರೆ ಸಿಗುವಂತಾದುದರ ಹಿಂದೆ ಈ ಕೆಲಸವಿದೆ. ಸೊಗಡು ಮಾತ್ರ ಚಳಿಗಾಲದ ಕಾಯಿಯದೇ ಹೆಚ್ಚು ಎನ್ನುವವರ ಮಾತನ್ನು ಅಲ್ಲಗಳೆಯಲಾಗದು!

ಒಣ ಅವರೆ, ಹೆಸರು, ಹುರುಳಿ, ಕಡಲೆ ಇವೆಲ್ಲವುಗಳಲ್ಲಿ 100 ಗ್ರಾಂಗೆ ಸುಮಾರು 20ರಿಂದ 25 ಗ್ರಾಂ ಪ್ರೋಟೀನ್ ಇರುತ್ತದೆ. ಅಕ್ಕಿಯಲ್ಲಿರುವುದು 7ರಿಂದ 8 ಗ್ರಾಂ. ಕಾಳಿನಲ್ಲೂ ಶರ್ಕರಪಿಷ್ಟ ಇದೆ ಎಂಬುದನ್ನು ಮರೆಯಬೇಡಿ. ಆದರೆ ಜೊತೆಯಲ್ಲಿ ನಾರು ಹೇರಳವಾಗಿದೆ. ಎರಡು ತಟ್ಟೆಗಳನ್ನು ಹೋಲಿಸಿ. 75 ಗ್ರಾಂ ಅಕ್ಕಿಯ ಚಿತ್ರಾನ್ನದಲ್ಲಿ ಸುಮಾರು 58 ಗ್ರಾಂ ಶರ್ಕರಪಿಷ್ಟ, 6 ಗ್ರಾಂ ಪ್ರೋಟೀನ್. 50 ಗ್ರಾಂ ಹೆಸರುಕಾಳಿನ ದೋಸೆಯಲ್ಲಿ ಸುಮಾರು 25 ಗ್ರಾಂ ಶರ್ಕರಪಿಷ್ಟ, 11 ಗ್ರಾಂ ಪ್ರೋಟೀನ್, 8 ಗ್ರಾಂ ನಾರು. ಶರ್ಕರಪಿಷ್ಟ ಅರ್ಧಕ್ಕಿಂತ ಕಡಿಮೆ, ಪ್ರೋಟೀನ್ ಸುಮಾರು ಎರಡರಷ್ಟು!

ಹದಿನೈದು ನಿಮಿಷದ ತಿಂಡಿಗಳು

ಮನೆಯಲ್ಲಿ ಅಮ್ಮನೊಬ್ಬರ ಮೇಲೆ ಹೊರೆ ಹಾಕದೆ ನೀವೇ ಮಾಡಿಕೊಳ್ಳಬಹುದಾದ ಕೆಲವು ತಿಂಡಿಗಳು ಇಲ್ಲಿವೆ. ಅಳತೆಗಳು ಒಬ್ಬರಿಗೆ.

1. ಹೆಸರುಕಾಳಿನ ದೋಸೆ: ರಾತ್ರಿ 50 ಗ್ರಾಂ ಹೆಸರುಕಾಳು ನೆನೆಹಾಕಿ. ಬೆಳಿಗ್ಗೆ ಹಸಿಮೆಣಸಿನಕಾಯಿ, ಶುಂಠಿ, ಜೀರಿಗೆ, ಉಪ್ಪು ಸೇರಿಸಿ ರುಬ್ಬಿ. ಹುಳಿ ಬರಬೇಕೆಂದು ಕಾಯಬೇಕಾಗಿಲ್ಲ, ತಕ್ಷಣ ಹುಯ್ಯಬಹುದು. ಮೇಲೆ ಈರುಳ್ಳಿ, ತುರಿದ ಕ್ಯಾರೆಟ್ ಉದುರಿಸಿ. ಎಣ್ಣೆ ಒಂದು ಟೀ ಚಮಚ ಸಾಕು. ಆ ಒಂದು ಚಮಚದಲ್ಲೇ 45 ಕಿಲೋಕ್ಯಾಲರಿ ಇದೆ.

2. ಅವರೆಕಾಳಿನ ಉಸಲಿ: ರಾತ್ರಿಯೇ ಕಾಳನ್ನು ಕುಕ್ಕರಿನಲ್ಲಿ ಬೇಯಿಸಿ, ಆರಿದ ಮೇಲೆ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಸಾಸಿವೆ, ಕರಿಬೇವು, ಇಂಗಿನ ಒಗ್ಗರಣೆ, ಒಂದು ಚಮಚ ಕಾಯಿತುರಿ, ನಿಂಬೆರಸ. ಜೊತೆಗೊಂದು ಲೋಟ ಮಜ್ಜಿಗೆ. ಅವರೆಯನ್ನು ಹಸಿಯಾಗಿ ತಿನ್ನಬಾರದು. ಅದರಲ್ಲಿರುವ ಕೆಲವು ಅಂಶಗಳು ಪ್ರೋಟೀನ್ ಜೀರ್ಣವಾಗುವುದನ್ನು ತಡೆಯುತ್ತವೆ. ಚೆನ್ನಾಗಿ ಬೇಯಿಸಿದಾಗ ಅವುಗಳ ಶಕ್ತಿ ಕುಂದುತ್ತದೆ.

3. ಸೊಪ್ಪು-ಮೊಟ್ಟೆ ಪಲ್ಯ: ಈರುಳ್ಳಿ ಬಾಡಿಸಿ, ಒಂದು ಹಿಡಿ ಮೆಂತ್ಯ ಅಥವಾ ನುಗ್ಗೆಸೊಪ್ಪು ಹಾಕಿ, ಎರಡು ಮೊಟ್ಟೆ ಒಡೆದು ಕಲಸಿ. ಎರಡು ಮೊಟ್ಟೆಯಲ್ಲಿ ಸುಮಾರು 12 ಗ್ರಾಂ ಪ್ರೋಟೀನ್ ಇದೆ, ಶರ್ಕರಪಿಷ್ಟ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಮೊಟ್ಟೆ ತಿನ್ನದವರು ಅದೇ ಒಗ್ಗರಣೆಗೆ ಪುಡಿ ಮಾಡಿದ ಪನೀರ್ ಹಾಕಬಹುದು.

4. ಮೊಳಕೆ ಕೋಸಂಬರಿ: ಮೊಳಕೆ ಬರಿಸಿದ ಹೆಸರುಕಾಳನ್ನು ಐದು ನಿಮಿಷ ಹಬೆಯಲ್ಲಿಡಿ. ಬೆಚ್ಚಗಿನ ತೇವದಲ್ಲಿ ಮೊಳಕೆಯ ಜೊತೆ ರೋಗಾಣುಗಳೂ ಬೆಳೆಯಬಲ್ಲವು, ಆದ್ದರಿಂದ ಈ ಎಚ್ಚರಿಕೆ. ಸೌತೆಕಾಯಿ, ಕೊತ್ತಂಬರಿ, ನಿಂಬೆರಸ, ಒಂದು ಹಿಡಿ ಬೇಯಿಸಿದ ಕಡಲೆಕಾಯಿ ಬೀಜ ಸೇರಿಸಿ.

5. ತರಕಾರಿಯೇ ಮುಂದಾದ ಉಪ್ಪಿಟ್ಟು: ರವೆಯನ್ನು ಅರ್ಧಕ್ಕೆ ಇಳಿಸಿ. ಆ ಜಾಗಕ್ಕೆ ಹುರುಳಿಕಾಯಿ, ಕ್ಯಾರೆಟ್, ಎಲೆಕೋಸು, ಹಸಿ ಬಟಾಣಿ ತುಂಬಿಸಿ. ಉಪ್ಪಿಟ್ಟನ್ನು ಕಂಡರೆ ಮುಖ ಸಿಂಡರಿಸುವವರೂ ಇದನ್ನು ಒಮ್ಮೆ ನೋಡಬಹುದು.

6. ಹಾಸ್ಟೆಲಿನವರಿಗೆ, ಒಲೆಯಿಲ್ಲದೆ: ಒಂದು ಬಟ್ಟಲು ಗಟ್ಟಿ ಮೊಸರು, ಒಂದು ಹಿಡಿ ಹುರಿಗಡಲೆ, ಒಂದು ಸೀಬೆಹಣ್ಣು. ಐದು ನಿಮಿಷವೂ ಬೇಡ.

ಇಡ್ಲಿಯನ್ನು ಬಿಡಲಾರೆವು ಎನ್ನುವವರು ಎರಡು ಇಡ್ಲಿಗೆ ನಿಲ್ಲಿಸಿ, ಬೇಳೆ-ತರಕಾರಿ ದಂಡಿಯಾಗಿರುವ ಸಾಂಬಾರನ್ನು ಬಟ್ಟಲಿಗೆ ತುಂಬಿಕೊಳ್ಳಿ. ಪಾನೀಯದ ಕಡೆಗೂ ಗಮನವಿರಲಿ. ಎರಡು ಚಮಚ ಸಕ್ಕರೆಯ ಕಾಫಿಯಲ್ಲಿ ಸುಮಾರು 10 ಗ್ರಾಂ ಸಕ್ಕರೆ, 300 ಮಿಲಿಲೀಟರ್ ಕೋಲಾದಲ್ಲಿ 30 ಗ್ರಾಂಗೂ ಹೆಚ್ಚು ಸಕ್ಕರೆ ಇರುತ್ತದೆ.

ವಾರಕ್ಕೆ ಎರಡು ಕಿಲೋ ಇಳಿಯಿತೆ?

ಶರ್ಕರಪಿಷ್ಟ ಕಡಿಮೆ ಮಾಡಿ ತೂಕ ಇಳಿಸುವ ವಿಚಾರ ಹೊಸದಲ್ಲ. ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬುವರು ಬ್ರೆಡ್ಡು, ಸಕ್ಕರೆ, ಆಲೂಗಡ್ಡೆ, ಬಿಯರ್ ಬಿಟ್ಟು ತೆಳ್ಳಗಾದ ಕಥೆಯನ್ನು 1863ರಲ್ಲೇ ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿದ್ದರು. ಆದರೆ ‘ಒಂದೇ ವಾರದಲ್ಲಿ ಎರಡು ಕಿಲೋ’ ಎಂಬ ಜಾಹೀರಾತುಗಳ ಗುಟ್ಟು ಏನು? ಒಂದು ಗ್ರಾಂ ಗ್ಲೈಕೋಜನ್ ತನ್ನೊಡನೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟಿರುತ್ತದೆ. ಅರ್ಧ ಕಿಲೋ ಗ್ಲೈಕೋಜನ್ನಿನ ಉಗ್ರಾಣದ ಬಹುಭಾಗ ಖಾಲಿಯಾದರೆ ನೀರೂ ಹೊರಟುಹೋಗುತ್ತದೆ. ತಕ್ಕಡಿಯ ಮುಳ್ಳು ಇಳಿಯುತ್ತದೆ, ಕೊಬ್ಬು ಹೆಚ್ಚೇನೂ ಇಳಿದಿರುವುದಿಲ್ಲ. ಅನ್ನ ತಿಂದ ಎರಡು ದಿನಕ್ಕೆ ಮುಳ್ಳು ಮತ್ತೆ ಮೇಲೇರುತ್ತದೆ.

ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಅಡಗಿರುವ ಶಕ್ತಿ ಸುಮಾರು 7,700 ಕಿಲೋಕ್ಯಾಲರಿ. ದಿನಕ್ಕೆ 250 ಕಿಲೋಕ್ಯಾಲರಿ ಕಡಿಮೆ ಮಾಡಿದರೆ ಲೆಕ್ಕದ ಪ್ರಕಾರ ಅದಕ್ಕೆ ಒಂದು ತಿಂಗಳು ಬೇಕು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು 609 ಮಂದಿ ವಯಸ್ಕರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೊಬ್ಬು ಕಡಿಮೆಯ ಆಹಾರವನ್ನೂ ಇನ್ನೊಂದಕ್ಕೆ ಶರ್ಕರಪಿಷ್ಟ ಕಡಿಮೆಯ ಆಹಾರವನ್ನೂ ಹೇಳಿ, ಒಂದು ವರ್ಷ ಗಮನಿಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಗುಂಪುಗಳ ತೂಕ ಸರಾಸರಿ 5ರಿಂದ 6 ಕಿಲೋಗ್ರಾಂ ಇಳಿದಿತ್ತು, ಗಮನಾರ್ಹ ವ್ಯತ್ಯಾಸವೇನೂ ಇರಲಿಲ್ಲ. ಯಾವ ಕ್ರಮವನ್ನು ನೀವು ಬಹುಕಾಲ ನಡೆಸಿಕೊಂಡು ಹೋಗಬಲ್ಲಿರೋ ಅದೇ ನಿಮಗೆ ತಕ್ಕ ಕ್ರಮ.

ಯಾರಿಗೆ ಬೇಕು, ಯಾರಿಗೆ ಬೇಡ?

ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಕನ್ನಡಿಯನ್ನು ಕೇಳಬೇಡಿ, ಗೆಳೆಯರ ಕೀಟಲೆಯನ್ನೂ ನಂಬಬೇಡಿ. ತೂಕವನ್ನು ಕಿಲೋಗ್ರಾಂನಲ್ಲಿ ಬರೆದು, ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿ. ಎತ್ತರ 1.60 ಮೀಟರ್, ತೂಕ 58 ಕಿಲೋ ಇದ್ದರೆ ಬರುವ ಸಂಖ್ಯೆ 22.7. ಏಷ್ಯಾದ ವಯಸ್ಕರಲ್ಲಿ ಈ ಸಂಖ್ಯೆ 23 ದಾಟಿದರೆ ಎಚ್ಚರಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಸೂಚಿಸಿದ್ದಾರೆ. 18.5ಕ್ಕಿಂತ ಕಡಿಮೆಯಿದ್ದರೆ ನಿಮಗೆ ಬೇಕಾದದ್ದು ಹೆಚ್ಚು ಆಹಾರ!

ಶಾಲೆಯಲ್ಲಿ ಓದುತ್ತಿರುವವರಿಗೆ ಈ ಗಡಿಗಳು ಹೊಂದುವುದಿಲ್ಲ. ನಿಮ್ಮ ಮೂಳೆ, ಸ್ನಾಯು ಇನ್ನೂ ಬೆಳೆಯುತ್ತಿವೆ. ನೀವು ಕಾಳು, ಸೊಪ್ಪು, ಹಾಲು ಹೆಚ್ಚಿಸಿಕೊಳ್ಳಿ, ಎಣ್ಣೆತಿಂಡಿ ಮತ್ತು ಸಿಹಿ ಪಾನೀಯ ತಗ್ಗಿಸಿ, ಸಂಜೆ ಒಂದು ಗಂಟೆ ಆಡಿ. ಅನ್ನ-ರೊಟ್ಟಿಯನ್ನು ಪೂರ್ತಿ ಬಿಡುವ ಪಥ್ಯ ನಿಮಗೆ ಬೇಡ. ಹೆಣ್ಣುಮಕ್ಕಳು ತಿಂಡಿ ಬಿಟ್ಟರೆ ಕಬ್ಬಿಣಾಂಶದ ಕೊರತೆ, ರಕ್ತಹೀನತೆ ಹೆಚ್ಚುವ ಭಯವಿದೆ. ತಲೆಸುತ್ತು, ಕೂದಲು ಉದುರುವುದು, ಮುಟ್ಟು ಏರುಪೇರಾಗುವುದು ಕಂಡರೆ ವೈದ್ಯರಲ್ಲಿಗೆ ಹೋಗಲೇಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಆಹಾರದಲ್ಲಿ ಶರ್ಕರಪಿಷ್ಟವನ್ನು ಏಕಾಏಕಿ ಇಳಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಅಂಥವರೂ, ಮೂತ್ರಪಿಂಡದ ತೊಂದರೆ ಇರುವವರೂ ವೈದ್ಯರನ್ನು ಕೇಳದೆ ಏನನ್ನೂ ಬದಲಿಸಬಾರದು.

ನೀವೇ ಮಾಡಿ ನೋಡಿ

ನಿಮ್ಮ ಪ್ರಯೋಗಶಾಲೆಯ ಅಯೋಡಿನ್ ದ್ರಾವಣ, ಒಂದು ಬಿಳಿಯ ತಟ್ಟೆ ಇದ್ದರೆ ಸಾಕು. ಇಡ್ಲಿಯ ತುಣುಕು, ನೆನೆಸಿದ ಅವಲಕ್ಕಿ, ಬೆಂದ ಹೆಸರುಕಾಳು, ಬೇಯಿಸಿದ ಮೊಟ್ಟೆಯ ಬಿಳಿ ಭಾಗ, ಪನೀರ್ ಇವನ್ನು ಸಾಲಾಗಿ ಜೋಡಿಸಿ ಒಂದೊಂದು ತೊಟ್ಟು ಅಯೋಡಿನ್ ಹಾಕಿ. ಪಿಷ್ಟ ಇರುವಲ್ಲಿ ಕಡುನೀಲಿ ಅಥವಾ ಕಪ್ಪು ಬಣ್ಣ ಬರುತ್ತದೆ, ಇಲ್ಲದಿರುವಲ್ಲಿ ಅಯೋಡಿನ್ನಿನ ಹಳದಿ-ಕಂದು ಬಣ್ಣವೇ ಉಳಿಯುತ್ತದೆ. ಹೆಸರುಕಾಳಿನ ಮೇಲೆ ಏನಾಯಿತು? ಅದು ಏಕೆ ಹಾಗಾಯಿತು ಎಂಬುದಕ್ಕೆ ಉತ್ತರ ಈ ಲೇಖನದಲ್ಲೇ ಇದೆ. ಕಂಡದ್ದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಿ. ಅಯೋಡಿನ್ ಹಾಕಿದ ತುಣುಕುಗಳನ್ನು ಮಾತ್ರ ಯಾರೂ ತಿನ್ನದಂತೆ ಕಸದ ಬುಟ್ಟಿಗೆ ಸೇರಿಸಿ.