ಯಾದಗಿರಿಯ ಶಾಲೆಗಳು: ಕೊನೆಯ ಸ್ಥಾನದ ಹಿಂದಿನ ಲೆಕ್ಕ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಜಿಲ್ಲೆಗಳ ಪಟ್ಟಿ ಅಚ್ಚಾಗುತ್ತದೆ. 2023ರಲ್ಲೂ 2024ರಲ್ಲೂ ಅದರ ತಳದಲ್ಲಿದ್ದದ್ದು ಯಾದಗಿರಿ. ಮೊದಲ ವರ್ಷ ಅಲ್ಲಿ ತೇರ್ಗಡೆಯಾದವರು ಶೇ 75.49. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲು ಬಂತು; ತೇರ್ಗಡೆಯಾದವರು ಶೇ 50.59. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿ ಇಪ್ಪತ್ತೈದು ಅಂಶ ಕುಸಿಯುವುದಿಲ್ಲ. ಕುಸಿದದ್ದು ನಾವು ನಂಬಿಕೊಂಡಿದ್ದ ಅಳತೆ. ಆ ವರ್ಷ ಪರೀಕ್ಷೆಗೆ ಕೂತ ಮಕ್ಕಳ ಕಲಿಕೆಯ ಏಳುಬೀಳು ಶುರುವಾಗಿದ್ದು ಹತ್ತು ವರ್ಷ ಹಿಂದೆ, ಯಾವುದೋ ಹಳ್ಳಿಯ ಅಥವಾ ತಾಂಡಾದ ಕಿರಿಯ ಪ್ರಾಥಮಿಕ ಶಾಲೆಯ ಒಂದನೇ ತರಗತಿಯಲ್ಲಿ. ಆ ಶಾಲೆಗೆ ಯಾರ ಮನೆಯ ಮಕ್ಕಳು ಬರುತ್ತಾರೆ ಎಂದು ಕೇಳದೆ ಅದು ಹೇಗೆ ಕಲಿಸುತ್ತದೆ ಎಂದು ತೀರ್ಪು ಕೊಡಲಾಗದು ಎಂಬುದು ಈ ಬರಹದ ವಾದ.

ಯಾರ ಮನೆಯ ಮಕ್ಕಳು ಇವರು? 2011ರ ಜನಗಣತಿಯಂತೆ ಯಾದಗಿರಿಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕಡಿಮೆ. ಆಗ ರಾಜ್ಯದ ಸರಾಸರಿ ಶೇ 75.36. ಹೆಂಗಸರಲ್ಲಿ ಓದುಬರಹ ಬಲ್ಲವರು ನೂರಕ್ಕೆ ನಲವತ್ತೊಂದರಷ್ಟು ಮಾತ್ರ. ಆ ಗಣತಿಯ ಕಾಲಕ್ಕೆ ಹುಡುಗಿಯರಾಗಿದ್ದವರು ಇಂದು ಒಂದನೇ ತರಗತಿಯ ಮಕ್ಕಳ ತಾಯಂದಿರು. ಜನಸಂಖ್ಯೆಯಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಪರಿಶಿಷ್ಟ ಜಾತಿ, ಪಂಗಡದವರು. ತಾಂಡಾದ ಮಗು ಮನೆಯಲ್ಲಿ ಆಡುವುದು ಲಂಬಾಣಿ, ಗುರುಮಠಕಲ್ ಕಡೆಯ ಎಷ್ಟೋ ಮನೆಗಳಲ್ಲಿ ತೆಲುಗು, ಪೇಟೆಗಳ ಓಣಿಗಳಲ್ಲಿ ಉರ್ದು. ಕನ್ನಡವೇ ಮನೆಮಾತಾದ ಮಗುವಿಗೂ ಪಠ್ಯಪುಸ್ತಕದ ಕನ್ನಡ ಅರ್ಧ ಪರಕೀಯವೇ. 1948ರವರೆಗೆ ಈ ನೆಲ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆ ಉರ್ದು, ಕನ್ನಡ ಶಾಲೆಗಳು ವಿರಳ. ಮೈಸೂರು ಸೀಮೆಯಲ್ಲಿ ಮೂರು ತಲೆಮಾರು ಓದಿದ್ದರೆ ಇಲ್ಲಿ ಇನ್ನೂ ಮೊದಲ ತಲೆಮಾರು ಸ್ಲೇಟು ಹಿಡಿದಿದೆ. ಇದರ ಮೇಲೆ ಗುಳೆ. ಮಳೆಯನ್ನೇ ನಂಬಿದ ಹೊಲದಲ್ಲಿ ಕೆಲಸ ಕಡಿಮೆಯಾಗುತ್ತಲೇ ಕುಟುಂಬಗಳು ಬೆಂಗಳೂರು, ಪುಣೆ, ಮುಂಬೈಯ ಕಟ್ಟಡ ಕೆಲಸಕ್ಕೆ ಗಂಟುಮೂಟೆ ಕಟ್ಟುತ್ತವೆ. ಅಜ್ಜಿಯ ಬಳಿ ಉಳಿದ ಮಗುವೂ ಹತ್ತಿ ಬಿಡಿಸುವ ದಿನಗಳಲ್ಲಿ ಹೊಲದಲ್ಲಿರುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರಿದೆ, ಚೀಲವಿಟ್ಟ ಜಾಗ ಖಾಲಿ.

ಇದೆಲ್ಲ ಮೇಷ್ಟ್ರಿಗೆ ಸಿಕ್ಕ ನೆಪ, ಬಡ ಮಗುವಿನ ಮೇಲೆ ನಿರೀಕ್ಷೆಯೇ ಬೇಡ ಎನ್ನುವ ಅವಮಾನ ಎಂಬ ಆಕ್ಷೇಪವಿದೆ. ಅದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಏಕೆಂದರೆ ಅದರಲ್ಲಿ ಅರ್ಧ ಸತ್ಯವಿದೆ. 2002ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಮತ್ತು ಸರ್ಕಾರ ಸೇರಿ ಈಶಾನ್ಯ ಕರ್ನಾಟಕದಲ್ಲಿ ಕಲಿಕಾ ಖಾತರಿ ಯೋಜನೆ ಆರಂಭಿಸಿದಾಗ ಸರ್ಕಾರಿ ಶಾಲೆಗಳು ತಾವಾಗಿಯೇ ಮುಂದೆ ಬಂದು ಮೌಲ್ಯಮಾಪನಕ್ಕೆ ಒಪ್ಪಿಕೊಂಡವು. ಕಲಿಕೆಯ ನಿಗದಿತ ಗೆರೆ ದಾಟಿದವು ಕೆಲವೇ. ಆದರೂ ಅದೇ ಬಡತನ, ಅದೇ ಸಂಬಳ, ಅದೇ ಪುಸ್ತಕವಿಟ್ಟುಕೊಂಡು ಅವು ದಾಟಿದವು. ಶಾಲೆಯ ಕೈಯಲ್ಲಿ ಏನೂ ಇಲ್ಲ ಎನ್ನುವುದು ಹಾಗಾಗಿ ಸುಳ್ಳು. ಆದರೆ ಇಂಥ ಶಾಲೆಯನ್ನು ಗುರುತಿಸುವುದು ಹೇಗೆ? ಒಟ್ಟು ಶೇಕಡಾವಾರು ನೋಡಿದರೆ ಉಡುಪಿಯ ಸಾಧಾರಣ ಶಾಲೆಯೂ ಯಾದಗಿರಿ ಜಿಲ್ಲೆಯ ಸುರಪುರದ ಅತ್ಯುತ್ತಮ ಶಾಲೆಗಿಂತ ಮೇಲೆ ಕಾಣಬಹುದು. ಅಕ್ಷರ ಬಲ್ಲ ಮಗುವಿಗೆ ಪದ ಕಲಿಸಿದ್ದು ಒಂದು ಕೆಲಸ; ಕನ್ನಡವನ್ನೇ ಅರಿಯದ ಮಗುವಿಗೆ ಎರಡು ವರ್ಷದಲ್ಲಿ ವಾಕ್ಯ ಓದಿಸಿದ್ದು ಬೇರೆಯೇ ಕೆಲಸ. ಮನೆಯ ಹಿನ್ನೆಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಮೇಷ್ಟ್ರು ತಪ್ಪಿಸಿಕೊಳ್ಳುವುದಿಲ್ಲ, ಬದಲಿಗೆ ಸಿಕ್ಕಿಬೀಳುತ್ತಾರೆ. ಒಂದೇ ಬಗೆಯ ಎರಡು ತಾಂಡಾಗಳಲ್ಲಿ ಒಂದು ಶಾಲೆಯ ಮಕ್ಕಳು ಓದುತ್ತಾರೆ, ಇನ್ನೊಂದರವರು ಓದುವುದಿಲ್ಲ ಎಂದಾಗ ಉತ್ತರಿಸಬೇಕಾದವರು ಯಾರೆಂಬುದು ಸ್ಪಷ್ಟ.

ಮಗು ಎಲ್ಲಿಂದ ಹೊರಟು ಎಲ್ಲಿಗೆ ತಲುಪಿತು ಎನ್ನುವ ಅಳತೆ ಎಲ್ಲಿಂದಲೋ ಬರಬೇಕಿಲ್ಲ, ನಲಿಕಲಿ ಕೋಣೆಯ ಗೋಡೆಯ ಮೇಲೇ ಇದೆ. 1990ರ ದಶಕದಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಮೊಳೆತ ಈ ಪದ್ಧತಿ ಇಂದು ಒಂದರಿಂದ ಮೂರನೇ ತರಗತಿಯವರೆಗೆ ಸರ್ಕಾರಿ ಕನ್ನಡ ಶಾಲೆಗಳಲ್ಲಿ ನಡೆಯುತ್ತಿದೆ. ಮಕ್ಕಳು ‘ತಟ್ಟೆ’ ಎಂದು ಕರೆಯುವ ಗುಂಪುಗಳಾಗಿ ಕೂರುತ್ತಾರೆ. ಒಂದು ತಟ್ಟೆಗೆ ಶಿಕ್ಷಕಿಯ ಪೂರ್ಣ ಬೆಂಬಲ, ಮತ್ತೊಂದಕ್ಕೆ ಗೆಳೆಯರ ನೆರವು, ಇನ್ನೊಂದಕ್ಕೆ ಸ್ವಂತ ಕಲಿಕೆ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರದಲ್ಲಿ ಅವರದೇ ಚಿತ್ರ, ಬರಹ ತೂಗುತ್ತವೆ. ಗೋಡೆಯ ಬುಡದಲ್ಲಿ ಅವರ ಕೈಗೆಟುಕುವ ಕಪ್ಪುಹಲಗೆ. ಕಲಿಕೆಯ ಹಂತಗಳನ್ನು ಮೆಟ್ಟಿಲಾಗಿಸಿದ ಕಲಿಕಾ ಏಣಿಯಲ್ಲಿ ಯಾವ ಮಗು ಎಲ್ಲಿದೆ ಎಂಬುದನ್ನು ಗೋಡೆಯ ಪ್ರಗತಿನೋಟ ಪಟ್ಟಿಯಲ್ಲಿ ಗುರುತಿಸುತ್ತಾರೆ. ಗುಳೆ ಹೋಗಿ ಯುಗಾದಿ ಹೊತ್ತಿಗೆ ಮರಳಿದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ತರಗತಿ ಎಲ್ಲೋ ಮುಂದೆ ಹೋಗಿಬಿಟ್ಟಿತು ಎಂಬ ಭಯವಿಲ್ಲ. ಯಾದಗಿರಿಯಂಥ ಜಿಲ್ಲೆಗೆ ಇದಕ್ಕಿಂತ ಒಪ್ಪುವ ಏರ್ಪಾಡು ನನಗೆ ಕಾಣದು. ಕಾಗದದ ಮೇಲಿನ ಈ ಏರ್ಪಾಡು ಕೋಣೆಯಲ್ಲಿ ನಡೆಯಬೇಕಾದರೆ ಮಾತ್ರ ಮೆಟ್ಟಿಲು ಮೆಟ್ಟಿಲಿನ ಕಲಿಕಾ ಕಾರ್ಡುಗಳು ಪೂರ್ತಿ ಇರಬೇಕು, ಮೂರು ತರಗತಿಯನ್ನು ನಿಭಾಯಿಸುವ ಶಿಕ್ಷಕಿ ವರ್ಷಪೂರ್ತಿ ಅಲ್ಲೇ ಇರಬೇಕು.

ಕೊನೆಗೆ ಹತ್ತನೇ ತರಗತಿಯ ಪ್ರಶ್ನೆಪತ್ರಿಕೆ ನೀನು ಯಾವ ತಾಂಡಾದವನು ಎಂದು ಕೇಳುವುದಿಲ್ಲವಲ್ಲ ಎನ್ನುವವರೂ ಇದ್ದಾರೆ. ನಿಜ, ಕೇಳಬಾರದು ಕೂಡ. ಅದಕ್ಕೇ ಒಟ್ಟು ಅಂಕಿಅಂಶ ಉಳಿಯಲಿ. ಆದರೆ ಅದು ಉಪಯೋಗವಾಗಬೇಕಾದದ್ದು ಶಾಲೆಗಳನ್ನು ಸಾಲಾಗಿ ನಿಲ್ಲಿಸಿ ನಾಚಿಸಲಿಕ್ಕಲ್ಲ, ಯಾವ ತಾಲ್ಲೂಕಿಗೆ ಮೊದಲು ಕಾಯಂ ಶಿಕ್ಷಕರು ಹೋಗಬೇಕು, ಎಲ್ಲಿ ಗುಳೆಯ ತಿಂಗಳುಗಳಲ್ಲಿ ಮಕ್ಕಳಿಗೆ ಊರಲ್ಲೇ ಉಳಿಯಲು ವಸತಿ ಬೇಕು ಎಂದು ತೀರ್ಮಾನಿಸಲಿಕ್ಕೆ. ಈ ಪ್ರದೇಶಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371ಜೆ ವಿಧಿಯಡಿ ಬರುವ ಹಣವನ್ನೂ ಈ ಲೆಕ್ಕದಿಂದಲೇ ಹಂಚಬಹುದು. ಇನ್ನೊಂದು ಬಿರುಕನ್ನೂ ಮುಚ್ಚಬೇಕಿದೆ. ನಾಲ್ಕನೇ ತರಗತಿಗೆ ಕಾಲಿಟ್ಟೊಡನೆ ಏಣಿ ನಿಂತುಹೋಗುತ್ತದೆ. ಪಾಠ ತಿಂಗಳ ಯೋಜನೆಯಂತೆ ಓಡುತ್ತದೆ. ಮೂರನೆಯ ತರಗತಿಯ ಮಗುವಿಗೆ ಕಾಯುವ ಶಾಲೆ ನಾಲ್ಕನೆಯದರ ಮಗುವಿಗೆ ಕಾಯುವುದಿಲ್ಲ. ಅದೇ ಮಗು ಆ ವರ್ಷವೂ ದೀಪಾವಳಿ ಮುಗಿಸಿ ಅಪ್ಪ–ಅವ್ವನ ಜೊತೆ ಬಸ್ಸು ಹತ್ತುತ್ತದೆ. ಅದು ಮರಳಿ ಬಂದಾಗ ಎಲ್ಲಿ ಬಿಟ್ಟಿತ್ತೆಂದು ಹೇಳುವ ಗುರುತು ಈ ಬಾರಿ ಯಾವ ಗೋಡೆಯ ಮೇಲೂ ಇರುವುದಿಲ್ಲ.