ನಿಮಗಿದು ಗೊತ್ತೇ? ಬೇಡದ ವೇಷ ಹಾಕಿಸುವ ಆಟಗಳು

ಹಾವೇರಿಯಲ್ಲಿ ಬಸ್ಸು ಹತ್ತಿದರೆ ಒಂದು ತಾಸಿನ ದಾರಿ ಹಾನಗಲ್ಲು. ಶಾಸನಗಳ ಕಾಲದ ಪಾನುಂಗಲ್ಲು. ಇದಕ್ಕೆ ವಿರಾಟಕೋಟೆ, ವಿರಾಟನಗರಿ ಎಂಬ ಹೆಸರೂ ಇತ್ತು. ಪಾಂಡವರು ವೇಷ ಮರೆಸಿಕೊಂಡು ಒಂದು ವರ್ಷ ಕಳೆದದ್ದು ಇಲ್ಲೇ ಎಂದು ಊರವರು ನಂಬುತ್ತಾರೆ. ಊರ ಮಗ್ಗುಲಿನ ಗುಡ್ಡೆ ಕುಂತಿಯ ದಿಬ್ಬ. ರಾಜಸ್ಥಾನದ ಬೈರಾಟಿನವರೂ ವಿರಾಟನ ಊರು ತಮ್ಮದೇ ಎನ್ನುತ್ತಾರೆ, ಅದಿರಲಿ. ಬಿಲ್ಲುಗಾರನನ್ನು ನಾಟ್ಯದ ಮೇಷ್ಟ್ರಾಗಿಸಿ, ಗದೆಯವನ ಕೈಗೆ ಸೌಟು ಕೊಟ್ಟು, ಗುರುತು ಸಿಕ್ಕರೆ ಆಟ ಮೊದಲಿನಿಂದ ಎಂದು ಕಟ್ಟು ಹಾಕಿದ ಕಥೆ ಅದು. ಈಗ ಇದೇ ಕೆಲಸವನ್ನು ಆನ್‌ಲೈನ್ ಆರ್‌ಪಿಜಿ ಆಟಗಳು ಮಾಡುತ್ತಿವೆ. ಆಡುವವರು ಹಲ್ಲು ಕಡಿಯುತ್ತಿದ್ದಾರೆ.

ಆಡದವರಿಗಾಗಿ ಎರಡು ಮಾತು. ಇಂಥ ಆಟದಲ್ಲಿ ನೀವು ಒಂದು ಪಾತ್ರ ಕಟ್ಟುತ್ತೀರಿ. ಅದರ ಹೆಸರು, ಕೂದಲ ಬಣ್ಣ, ಕತ್ತಿ, ಕವಚ ಎಲ್ಲವೂ ನಿಮ್ಮ ಆಯ್ಕೆ. ತಿಂಗಳುಗಟ್ಟಲೆ ಆಡಿ ಅದರ ಮಟ್ಟ ಏರಿಸುತ್ತೀರಿ. ಒಂದು ದಿನ ಕಥೆಯ ನಡುವೆ ಪರದೆ ಕಪ್ಪಾಗಿ ಬೆಳಗಿದರೆ ಅಲ್ಲಿ ನಿಂತವನು ಯಾರೋ ಬೇರೆ. ಗುಂಡಿಗಳೂ ಬೇರೆ, ಶಕ್ತಿಯೂ ಬೇರೆ. "ಲೇ, ನನ್ ಪ್ಲೇಯರ್ ಎಲ್ಲಿ ಹೋದ್ನಲೇ?" ಎಂದು ರಾಣೆಬೆನ್ನೂರಿನ ಹುಡುಗ ಕೂಗಿದರೆ ತಪ್ಪು ಅವನದಲ್ಲ. ಆ ಹೊಸ ಪಾತ್ರದಲ್ಲಿ ಕೊಟ್ಟ ಕಾರ್ಯ, ಅಂದರೆ ಕ್ವೆಸ್ಟು, ಮುಗಿಸದೆ ಮುಂದಿನ ಕಥೆ ತೆರೆಯುವುದಿಲ್ಲ. ಬೇಡ ಎನ್ನಲು ದಾರಿಯಿಲ್ಲ.

ಈ ಜಾತಿಯ ಕ್ವೆಸ್ಟುಗಳಲ್ಲಿ ಜಗಳಕ್ಕೆ ಹೆಸರಾದದ್ದು ಯಾವುದು ಗೊತ್ತೇ? ಫೈನಲ್ ಫ್ಯಾಂಟಸಿ 14 ಆಟಕ್ಕೆ 2021ರ ಡಿಸೆಂಬರಿನಲ್ಲಿ ಬಂದ ಎಂಡ್‌ವಾಕರ್ ಎಂಬ ಭಾಗದ 'ಇನ್ ಫ್ರಮ್ ದ ಕೋಲ್ಡ್'. ಅಷ್ಟು ಹೊತ್ತಿಗೆ ಆಟಗಾರನ ಮಟ್ಟ 80 ದಾಟಿರುತ್ತದೆ. ದೈತ್ಯರನ್ನು, ದೇವತೆಗಳನ್ನು ಕೆಡವಿ ಬಂದ ವೀರ. ಜೆನೋಸ್ ಎಂಬ ಖಳ ಅವನ ದೇಹವನ್ನೇ ಕದ್ದು ಒಬ್ಬ ಸಾಮಾನ್ಯ ಸಿಪಾಯಿಯ ಮೈಯೊಳಗೆ ಅವನ ಜೀವವನ್ನು ತುರುಕುತ್ತಾನೆ. ಹಿಮ ಸುರಿಯುವ ಪಾಳು ಪಟ್ಟಣ. ನಾಲ್ಕು ಏಟು ಬಿದ್ದರೆ ಸಾವು. ಕಾವಲಿನವರ ಕಣ್ಣು ತಪ್ಪಿಸಿ ತೆವಳಬೇಕು, ಯಂತ್ರಕ್ಕೆ ಇಂಧನ ಹುಡುಕಿ ತುಂಬಬೇಕು, ಕದ್ದ ದೇಹದಲ್ಲಿ ಜೆನೋಸ್ ನಿಮ್ಮ ಗೆಳೆಯರ ಬಿಡಾರ ಸೇರುವ ಮೊದಲು ಅಲ್ಲಿ ಮುಟ್ಟಬೇಕು. ಕಥೆಯಾಗಿ ಇದು ಈ ಆಟದ ಅತಿ ಗಟ್ಟಿ ಅಧ್ಯಾಯಗಳಲ್ಲಿ ಒಂದು ಎಂದು ಹೊಗಳಿದವರಿದ್ದಾರೆ. ಆಡಿ ಸೋತು, ಮತ್ತೆ ಸೋತು, ಮೌಸ್ ಎಸೆಯುವಷ್ಟು ಸಿಟ್ಟಾದವರೂ ಇದ್ದಾರೆ. ನನಗೆ ಇಬ್ಬರ ಮಾತೂ ಸರಿ ಅನಿಸುತ್ತದೆ. ಅಸಹಾಯಕತೆ ಏನೆಂದು ಕೈಬೆರಳಿಗೆ ತಿಳಿಸುವುದೇ ಬರೆದವರ ಉದ್ದೇಶವಾಗಿತ್ತು. ಅದು ತಿಳಿದವರಿಗೆ ಚೆನ್ನಾಗಿಯೇ ತಿಳಿದಿದೆ.

ಈಗ ಹಾನಗಲ್ಲಿನ ಕಥೆಯ ನಿಯಮಗಳನ್ನು ಸ್ವಲ್ಪ ಹತ್ತಿರದಿಂದ ನೋಡಿ. ವನವಾಸ 12 ವರ್ಷ, ಅಜ್ಞಾತ 1 ವರ್ಷ; ಗುರುತು ಸಿಕ್ಕರೆ ಮತ್ತೆ ಅಷ್ಟೂ ಮೊದಲಿನಿಂದ. ಶಿಕ್ಷೆ ಭಾರಿ, ಆದರೆ ವೇಷವನ್ನು ಆರಿಸಿಕೊಂಡವರು ಪಾಂಡವರೇ. ಉಣ್ಣುವುದರಲ್ಲೂ ಬೇಯಿಸುವುದರಲ್ಲೂ ಮುಂದಿದ್ದ ಭೀಮ ಅಡುಗೆಯ ವಲಲನಾದ. ಕುದುರೆಯ ಮರ್ಮ ಬಲ್ಲ ನಕುಲ ಲಾಯಕ್ಕೆ, ದನದ ಲಕ್ಷಣ ಬಲ್ಲ ಸಹದೇವ ಕೊಟ್ಟಿಗೆಗೆ. ಇಂದ್ರಲೋಕದಲ್ಲಿ ಚಿತ್ರಸೇನ ಗಂಧರ್ವನಿಂದ ಹಾಡು, ಕುಣಿತ ಕಲಿತಿದ್ದ ಅರ್ಜುನ ಬೃಹನ್ನಳೆಯಾದ. ಊರ್ವಶಿ ಕೊಟ್ಟಿದ್ದ ಶಾಪವನ್ನೇ ಒಂದು ವರ್ಷದ ಮಟ್ಟಿಗೆ ಬಳಸಿಕೊಂಡ. ಶಾಪವನ್ನು ಇಷ್ಟು ಜಾಣತನದಿಂದ ಖರ್ಚು ಮಾಡಿದವರು ಇನ್ನೊಬ್ಬರಿಲ್ಲ.

ಆಯುಧಗಳು? ಬನ್ನಿ ಮರದ ಮೇಲೆ. ಯಾರೂ ಹತ್ತಿರ ಸುಳಿಯಬಾರದೆಂದು ಒಂದು ಹೆಣವನ್ನೂ ಕಟ್ಟಿ, ದನಗಾಹಿಗಳಿಗೆ "ಇದು ನಮ್ಮ 180 ವರ್ಷದ ತಾಯಿ" ಎಂದರಂತೆ. ಗಳಿಸಿದ್ದು ಕಳೆದುಹೋಗಿಲ್ಲ, ಒಂದು ಕಡೆ ಭದ್ರವಾಗಿದೆ ಎಂಬ ಧೈರ್ಯ ಅವರಿಗಿತ್ತು. ಒಳಗೊಳಗೇ ಕರೆದುಕೊಳ್ಳಲು ಜಯ, ಜಯಂತ, ವಿಜಯ, ಜಯತ್ಸೇನ, ಜಯದ್ಬಲ ಎಂದು ಐದು ಗುಟ್ಟಿನ ಹೆಸರುಗಳೂ ಇದ್ದವು. ಈಗಿನವರ ಪ್ರೈವೇಟ್ ಚಾಟ್ ಎನ್ನಿ.

ಈ ಲೆಕ್ಕದಲ್ಲಿ ಅನ್ಯಾಯವಾದದ್ದು ದ್ರೌಪದಿಗೆ. ಗಂಡಂದಿರ ವೇಷಗಳು ಅವರ ವಿದ್ಯೆಗೆ ಹೊಂದಿದ್ದವು. ಸೈರಂಧ್ರಿಯ ವೇಷ ಹಾಕಿದ ಅವಳನ್ನು ಕಾಡಲು ಬಂದವನು ಕೀಚಕ.

ಮತ್ತೆ ಈಗಿನ ಆಟಗಳಿಗೆ ಬರೋಣ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಶುರುವಾದದ್ದು 2004ರಲ್ಲಿ. 2008ರ ನವೆಂಬರಿನಲ್ಲಿ ಬಂದ ವ್ರಾತ್ ಆಫ್ ದ ಲಿಚ್ ಕಿಂಗ್ ಭಾಗದಲ್ಲಿ 'ಆಕ್ಯುಲಸ್' ಎಂಬ ಡಂಜನ್ ಒಂದಿದೆ, ಐವರ ಗುಂಪು ಸೇರಿ ಹೋರಾಡುವ ತಾಣ. ಐವರೂ ತಮ್ಮ ವಿದ್ಯೆ ಬದಿಗಿಟ್ಟು ಮೂರು ಬಣ್ಣದ ಡ್ರ್ಯಾಗನ್‌ಗಳ ಬೆನ್ನೇರಿ, ಅವುಗಳ ಬೆರಳೆಣಿಕೆಯ ಶಕ್ತಿಗಳಿಂದಲೇ ಹೋರಾಡಬೇಕು. ಮುಂದೆ ಯಾದೃಚ್ಛಿಕವಾಗಿ ಡಂಜನ್ ಹಂಚುವ ಏರ್ಪಾಡು ಬಂದಾಗ, ಆಕ್ಯುಲಸ್ ಬಂತೆಂದು ಕಂಡ ಕೂಡಲೇ ಆಟಗಾರರು ಗುಂಪು ಬಿಟ್ಟು ಓಡತೊಡಗಿದರು. ಕಂಪನಿ ಏನು ಮಾಡಿತು ಗೊತ್ತೇ? ಕೊನೆಯವರೆಗೆ ನಿಂತವರಿಗೆ ಹೆಚ್ಚುವರಿ ಬಹುಮಾನದ ಚೀಲ ಇಟ್ಟಿತು. ಬೇಡದ ವೇಷಕ್ಕೆ ಭತ್ಯೆ ಕೊಟ್ಟ ಹಾಗಾಯಿತು!

ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಕನಕದಾಸರು ಬರೆದ ನಳಚರಿತ್ರೆಯೂ ಇದೇ ಬಗೆಯ ಕಥೆ. ಜೂಜಿನಲ್ಲಿ ರಾಜ್ಯ ಸೋತ ನಳನನ್ನು ಕಾಡಿನಲ್ಲಿ ಕಾರ್ಕೋಟಕನೆಂಬ ಸರ್ಪ ಕಚ್ಚುತ್ತದೆ. ರೂಪ ಹೋಗಿ ಕುರೂಪಿ ಬಾಹುಕನಾಗುತ್ತಾನೆ. ನಳನಿಗೆ ಪಾಂಡವರ ಹಾಗೆ ಆರಿಸಿಕೊಳ್ಳುವ ಅವಕಾಶವಿಲ್ಲ, ಈಗಿನ ಆಟಗಾರನ ಸ್ಥಿತಿಯೇ ಅವನದೂ. ಆದರೂ ಓದುವಾಗ ನಮಗೆ ರೇಗುವುದಿಲ್ಲ. ಯಾಕೆಂದರೆ ಹೋದದ್ದು ರೂಪ ಮಾತ್ರ, ಕೈಯ ವಿದ್ಯೆ ಹೋಗಿಲ್ಲ. ಬಾಹುಕನಾಗಿಯೂ ಅವನು ಋತುಪರ್ಣನ ರಥವನ್ನು ಅಯೋಧ್ಯೆಯಿಂದ ವಿದರ್ಭಕ್ಕೆ ಒಂದೇ ದಿನದಲ್ಲಿ ಓಡಿಸುತ್ತಾನೆ. ದಾರಿಯಲ್ಲಿ ರಾಜನಿಗೆ ಕುದುರೆಯ ವಿದ್ಯೆ ಕೊಡುವ ಮಾತು ಕೊಟ್ಟು, ಅವನಿಂದ ಪಗಡೆಯ ಗುಟ್ಟು ಪಡೆಯುತ್ತಾನೆ. ದಮಯಂತಿಗೆ ಗಂಡನ ಗುರುತು ಸಿಗುವುದಕ್ಕೆ ಅವನ ಅಡುಗೆಯ ರುಚಿಯೂ ಒಂದು ಕಾರಣ. ಹಳೆಯ ರೂಪ ಮರಳಿಸುವ ವಸ್ತ್ರವನ್ನು ಕಾರ್ಕೋಟಕ ಮೊದಲೇ ಕೊಟ್ಟಿರುತ್ತಾನೆ. ಹೊರಬರುವ ಬಾಗಿಲು ಎಲ್ಲಿದೆಯೆಂದು ತಿಳಿದಿದ್ದರೆ ಒಳಗಿರುವುದು ಅಷ್ಟು ಕಷ್ಟವಲ್ಲ.

ಇನ್ನೊಂದು ಕೊಂಡಿ. ಈ ನಳನ ಕಥೆಯನ್ನು ಕಾಡಿನಲ್ಲಿ ಧರ್ಮರಾಯನಿಗೆ ಹೇಳಿದವನು ಬೃಹದಶ್ವ ಮುನಿ. ಕಥೆ ಮುಗಿಸಿ ಪಗಡೆಯ ವಿದ್ಯೆಯನ್ನೂ ಕಲಿಸಿದ. ಅದರ ಬಲದ ಮೇಲೆಯೇ ಧರ್ಮರಾಯ ವಿರಾಟನ ಆಸ್ಥಾನದಲ್ಲಿ ಜೂಜಿನ ಜೊತೆಗಾರ ಕಂಕನಾಗಿ ಕೂತ. ಹೊಸ ಪಾತ್ರಕ್ಕೆ ಹೋಗುವ ಮೊದಲು ತರಬೇತಿ ಎಂದರೆ ಇದು. ಉತ್ತರ ಕರ್ನಾಟಕದ ದೊಡ್ಡಾಟದಲ್ಲೂ ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ ಎದುರು ನಿಂತು ಯಾರು, ಯಾವ ಊರು, ಬಂದ ಕಾರಣವೇನು ಎಂದು ಕೇಳಿಯೇ ಮುಂದಕ್ಕೆ ಬಿಡುತ್ತಾನೆ. ಆಟದ ಕಂಪನಿಗಳು ಈ ಸಾರಥಿಯನ್ನು ಮರೆಯುತ್ತವೆ. ಹೊಸ ಪಾತ್ರದ ಆರು ಗುಂಡಿಗಳಿಗೆ ಆರು ಸಾಲಿನ ವಿವರಣೆ ತೋರಿಸಿ, ಅದನ್ನು ಓದುವಷ್ಟರಲ್ಲಿ ಶತ್ರುವನ್ನು ಮೈಮೇಲೆ ಬಿಡುತ್ತವೆ.

ಗೆನ್ಶಿನ್ ಇಂಪ್ಯಾಕ್ಟ್ ಬಂದದ್ದು 2020ರ ಸೆಪ್ಟೆಂಬರ್ 28ರಂದು. ಅದರ ಕಥೆಯಲ್ಲಿ ಆಗಾಗ 'ಟ್ರಯಲ್' ಪಾತ್ರಗಳನ್ನು ಕೈಗೆ ಕೊಡುತ್ತಾರೆ. ನೀವು ಹೊಂದಿಸಿಟ್ಟ ಆಯುಧ, ಆಭರಣ ಅವಕ್ಕೆ ತೊಡಿಸುವಂತಿಲ್ಲ. ಇದರ ಹಿಂದೆ ವ್ಯಾಪಾರವೂ ಇದೆ: ಈ ಪಾತ್ರ ಹಿಡಿಸಿತೇ, ಹಾಗಾದರೆ ಲಾಟರಿ ಎತ್ತಿ. 90 ಸಲ ಎತ್ತುವುದರೊಳಗೆ ಐದು ನಕ್ಷತ್ರದ ಒಂದು ಪಾತ್ರ ಖಂಡಿತ ಬರುತ್ತದೆ, ಆದರೆ ಅದು ನಿಮಗೆ ಬೇಕಾದದ್ದೇ ಆಗಿರಬೇಕಿಲ್ಲ. ಮಂಡ್ಯ, ತುಮಕೂರು ಕಡೆಯ ಹಳ್ಳಿಗಳ ಪೌರಾಣಿಕ ನಾಟಕಗಳಲ್ಲಿ ಒಂದೊಂದು ಪಾತ್ರಕ್ಕೆ ಇಷ್ಟು ಎಂದು ದುಡ್ಡು ಕಟ್ಟಿ ವೇಷ ಹಾಕುವ ರೂಢಿಯಿದೆ. ಕೃಷ್ಣ, ದುರ್ಯೋಧನರಿಗೆ ದರ ಜಾಸ್ತಿ. ಅಲ್ಲಿ ದುಡ್ಡು ಕೊಟ್ಟವನಿಗೆ ಕೃಷ್ಣನ ಪಾತ್ರ ಸಿಕ್ಕೇ ಸಿಗುತ್ತದೆ, ಅಷ್ಟರ ಮಟ್ಟಿಗೆ ಹಳ್ಳಿಯ ನಾಟಕದ ಮೇಷ್ಟ್ರು ಪ್ರಾಮಾಣಿಕ.

2001ರ ಮೆಟಲ್ ಗಿಯರ್ ಸಾಲಿಡ್ 2 ಆನ್‌ಲೈನ್ ಆಟವಲ್ಲ, ಆದರೂ ಹೆಸರಿಸಲೇಬೇಕು. ಜಾಹೀರಾತಿನ ತುಂಬ ಹಳೆಯ ನಾಯಕ ಸ್ನೇಕ್. ಕೊಂಡು ಆಡಿದವರಿಗೆ ಆಟದ ಬಹುಪಾಲು ಸಿಕ್ಕವನು ರೈಡನ್ ಎಂಬ ಹೊಸ ಹುಡುಗ.

ಲಾರ್ಡ್ ಆಫ್ ದ ರಿಂಗ್ಸ್ ಆನ್‌ಲೈನ್‌ನಲ್ಲಿ ನೀವು ಕೋಳಿಯಾಗಬಹುದು ಎಂದರೆ ನಂಬುತ್ತೀರಾ? ಕತ್ತಿಯಿಲ್ಲ, ಮಂತ್ರವಿಲ್ಲ, ತೋಳಕ್ಕೆ ಸಿಕ್ಕಿದರೆ ಮುಗಿಯಿತು. ಆ ಕೋಳಿಯನ್ನು ದೇಶದ ಆ ತುದಿಗೆ ಓಡಿಸುವುದೇ ಸಾಹಸ. ಇದಕ್ಕೆ ಯಾರೂ ಸಿಟ್ಟಾಗಲಿಲ್ಲ, ಗುಂಪು ಕಟ್ಟಿಕೊಂಡು ಕೋಳಿಗಳಾಗಿ ಓಡಿದರು. ಕಡ್ಡಾಯವಲ್ಲವಲ್ಲ! ಲೀಗ್ ಆಫ್ ಲೆಜೆಂಡ್ಸ್‌ನಲ್ಲಿ ಯಾವ ಪಾತ್ರ ಬಂದರೆ ಅದನ್ನೇ ಆಡಬೇಕೆಂಬ 'ಅರಾಮ್' ಪಂದ್ಯವನ್ನು ಆಟಗಾರರೇ ಹುಟ್ಟುಹಾಕಿದ್ದರು. ಕಂಪನಿ ಆಮೇಲೆ, 2013ರಲ್ಲಿ, ಅದಕ್ಕೆಂದೇ ಒಂದು ಸೇತುವೆಯ ಅಖಾಡ ಕಟ್ಟಿಕೊಟ್ಟಿತು. ಬೇಡದ ಪಾತ್ರ ಬಂದರೂ ಸ್ವಲ್ಪ ಹೊತ್ತಿನಲ್ಲಿ ಪಂದ್ಯ ಮುಗಿಯುತ್ತದೆ, ಆಡುವವರಿಗೆ ಅದೇ ಮಜಾ.

ಒಪ್ಪಿ ತೊಟ್ಟ ವೇಷದ ತೂಕ ನೋಡಬೇಕೆಂದರೆ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡಕ್ಕೆ ನವರಾತ್ರಿಯಲ್ಲಿ ಹೋಗಿ. ಮಾಲತೇಶನ ಸನ್ನಿಧಿಯಲ್ಲಿ ಉಪವಾಸವಿದ್ದ ಗೊರವಪ್ಪ ಎತ್ತರದ ಬಿಲ್ಲೇರಿ ಕಾರ್ಣಿಕ, ಅಂದರೆ ಭವಿಷ್ಯದ ಮಾತು, ನುಡಿಯುತ್ತಾನೆ. ಒಂದೇ ಸಾಲು, ಅದನ್ನು ಮಳೆಗೂ ಬೆಳೆಗೂ ರಾಜಕೀಯಕ್ಕೂ ಅನ್ವಯಿಸಿ ಜನ ವರ್ಷವಿಡೀ ಮಾತಾಡುತ್ತಾರೆ. ಈ ಮಾಲತೇಶನೂ ಸೇರಿದ ಮೈಲಾರಲಿಂಗನ ಪರಂಪರೆಯಲ್ಲಿ ಗೊರವರು ದೇವರ ನಾಯಿಗಳಾಗಿ ಬೊಗಳುತ್ತ ಮರದ ದೋಣಿಯ ನೈವೇದ್ಯ ತಿನ್ನುವ ದೋಣಿ ಸೇವೆಯೂ ಇದೆ. ಹರಕೆ ಹೊತ್ತು ಮಾಡುವ ಸೇವೆ ಅದು. ನೋಡುವ ಹೊರಗಿನವನಿಗೆ ಕಸಿವಿಸಿಯಾಗಬಹುದು, ಮಾಡುವವನಿಗಿಲ್ಲ.

ವೇಷ ಮೈಗೆ ಅಂಟುತ್ತದೆಯೇ? ಸ್ಟ್ಯಾನ್‌ಫರ್ಡ್‌ನಲ್ಲಿ ನಿಕ್ ಯೀ ಮತ್ತು ಜೆರೆಮಿ ಬೇಲೆನ್ಸನ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹೌದು. ಕಂಪ್ಯೂಟರಿನೊಳಗೆ ಎತ್ತರದ ಗೊಂಬೆ ಸಿಕ್ಕವರು ಹಣ ಹಂಚಿಕೊಳ್ಳುವ ಚೌಕಾಸಿಯಲ್ಲಿ ಹೆಚ್ಚು ಪಟ್ಟು ಹಿಡಿದರು. ಚೆಂದದ ಮುಖ ಸಿಕ್ಕವರು ಎದುರಿನವರ ಹತ್ತಿರಕ್ಕೆ ಹೋಗಿ ನಿಂತರು. ಇದಕ್ಕೆ ಪ್ರೋಟಿಯಸ್ ಪರಿಣಾಮ ಎಂದು ಹೆಸರು. ಫೈನಲ್ ಫ್ಯಾಂಟಸಿಯ ಆ ಸಿಪಾಯಿಯ ಮೈಯಲ್ಲಿ ಅರ್ಧ ತಾಸು ಕಳೆದವನು ಮನೆಯವರ ಮೇಲೆ ಯಾಕೆ ಸಿಡುಕುತ್ತಾನೆಂದು ಈಗ ಗೊತ್ತಾಯಿತಲ್ಲ.

ಹೊಂದದ ಪಾತ್ರಕ್ಕೆ ಹಾವೇರಿ ಕಡೆಯದೇ ಉದಾಹರಣೆ ಬೇಕೇ? ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಡಬ್ಬಿ, ಕಡ್ಡಿ ಎರಡು ಬಗೆ. ಹೆಸರು ಬಂದದ್ದು ಕಡುಗೆಂಪು ಬಣ್ಣಕ್ಕೆ, ಖಾರ ಕಡಿಮೆ. ಇದನ್ನು ಗುಂಟೂರು ಕಾಯಿಯ ಜಾಗದಲ್ಲಿ ಹಾಕಿ "ಖಾರವೇ ಇಲ್ಲ" ಎಂದು ದೂರಿದರೆ ಕಾಯಿಯ ತಪ್ಪೇನು? ಬಹಳಷ್ಟು ಕಡ್ಡಾಯ ಪಾತ್ರಗಳ ಕಥೆ ಇಷ್ಟೇ. ಬೇಹುಗಾರಿಕೆಗೆ ಹೊಂದಿದ ಪಾತ್ರವನ್ನು ನೇರ ಯುದ್ಧಕ್ಕೆ ನಿಲ್ಲಿಸುತ್ತಾರೆ.

ಕೊಚ್ಚಿಕೊಳ್ಳುವವನಿಗೆ ನಮ್ಮಲ್ಲಿ ಉತ್ತರನ ಪೌರುಷ ಒಲೆಯ ಮುಂದೆ ಎನ್ನುತ್ತಾರೆ. ವಿರಾಟನ ಮಗನಾದ ಆ ಉತ್ತರಕುಮಾರ ರಣರಂಗ ಕಂಡು ರಥದಿಂದ ಹಾರಿ ಓಡಿದಾಗ ಬೃಹನ್ನಳೆ ಹಿಡಿದು ತಂದು, ವೀರನ ಪಾತ್ರ ತಾನು ತೆಗೆದುಕೊಂಡು, ಸಾರಥಿಯ ಪಾತ್ರ ಅವನಿಗೆ ಕೊಟ್ಟಳು. ಕೆಲಸವಾಯಿತು. ಪಾತ್ರ ಬದಲಿಸಿದ್ದರಿಂದ ಆಟ ಸಲೀಸಾದ ಉದಾಹರಣೆಯೂ ಹಾನಗಲ್ಲಿನ ಕಥೆ ಬರುವ ವಿರಾಟಪರ್ವದಲ್ಲೇ ಇದೆ. ಮಳೆ ಬರದಿದ್ದರೆ ಆ ಪರ್ವವನ್ನೇ ಓದಿಸುವ ರೂಢಿ ಕನ್ನಡ ನಾಡಿನಲ್ಲಿ ಇದ್ದದ್ದು ನಿಮಗೆ ಗೊತ್ತೇ ಇರಬೇಕು.

ಕಾನೂನಿನ ಮಾತು: 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದ್ದು ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು. ಕಥೆ ಹೇಳುವ ಆರ್‌ಪಿಜಿಗಳು ಅದರಲ್ಲಿಲ್ಲ. ನಳನೂ ಧರ್ಮರಾಯನೂ ರಾಜ್ಯ ಕಳೆದುಕೊಂಡ ಬಗೆಯ ಆಟಕ್ಕೆ ಮಾತ್ರ ಈಗ ಬಾಗಿಲು ಹಾಕಿದೆ.

ಕೊನೆಗೆ ಉಪಯೋಗದ್ದೊಂದು. ಫೈನಲ್ ಫ್ಯಾಂಟಸಿ 14ರಲ್ಲಿ ಒಬ್ಬರೇ ಆಡಬೇಕಾದ ಕಥೆಯ ಕಾಳಗಗಳಲ್ಲಿ ಸೋತರೆ, ಮತ್ತೆ ಶುರು ಮಾಡುವಾಗ ಸುಲಭ, ಅತಿ ಸುಲಭ ಎಂಬ ಆಯ್ಕೆ ಬರುತ್ತದೆ. ಒತ್ತಲು ನಾಚಿಕೆ ಬೇಡ, ಬಹುಮಾನ ಕಡಿಮೆಯಾಗುವುದಿಲ್ಲ.