ಸೊಂಟ ನೋವಿಗೂ ಒಂದು ಲೆಕ್ಕದ ಪುಸ್ತಕ

ಮಣ್ಣಿನ ರಸಸಾರ ಎಷ್ಟು ಅಂತ ಕೇಳಿ, ನಮ್ಮ ರೈತರು ಥಟ್ಟನೆ ಹೇಳ್ತಾರೆ. ಸೊಂಟ ನೋವು ಹೇಗಿದೆ ಅಂದರೆ ಮಾತ್ರ "ಅದು ಇದ್ದದ್ದೇ ಬಿಡಿ". ಸಾವಯವದಲ್ಲಿ ಕಳೆನಾಶಕ ಇಲ್ಲ. ಬಗ್ಗಿಯೇ ಕಳೆ ಕೀಳಬೇಕು, ಜೀವಾಮೃತ ತುಂಬಿದ 16 ಲೀಟರ್ ಸ್ಪ್ರೇಯರ್ ಹೊರಬೇಕು. ಸೊಂಟಕ್ಕೆ ಬೀಳೋ ಕೆಲಸ ಜಾಸ್ತಿನೇ.

ಎಂಆರ್‌ಐ ನೋವನ್ನು ಅಳೆಯಲ್ಲ. ನೋವೇ ಇಲ್ಲದ ಎಷ್ಟೋ ಜನರ ಚಿತ್ರದಲ್ಲೂ ಡಿಸ್ಕ್ ಸವೆದಿರುತ್ತೆ. ಅದಕ್ಕೇ ರೋಗಿಯ ಮಾತನ್ನೇ ಅಂಕಕ್ಕೆ ಇಳಿಸೋ ಪ್ರಶ್ನಾವಳಿಗಳಿವೆ. 1980ರಲ್ಲಿ ಪ್ರಕಟವಾದ, ಇಂಗ್ಲೆಂಡಿನ ಆಸ್ವೆಸ್ಟ್ರಿ ಊರಿನ ಹೆಸರಿನದ್ದು ಇವತ್ತಿಗೂ ಬಳಕೆಯಲ್ಲಿದೆ. ಭಾರ ಎತ್ತೋದು, ಕೂರೋದು, ನಿದ್ದೆ, ಪ್ರಯಾಣ ಹೀಗೆ 10 ವಿಭಾಗ. ಒಂದೊಂದಕ್ಕೂ 0ಯಿಂದ 5 ಅಂಕ. ಅಂಕ ಏರಿದಷ್ಟೂ ತೊಂದರೆ ಹೆಚ್ಚು.

ನಮ್ಮ ತೋಟಕ್ಕೆ ಕಳೆಗೆ ಬರೋ ಅಕ್ಕ ಒಬ್ಬರು ಈ ಪ್ರಶ್ನೆಗಳಿಗೆ ಉತ್ತರಿಸಿದ್ದು ಫಿಸಿಯೋಥೆರಪಿಸ್ಟ್ ಹತ್ತಿರ. (ಅವರ ಒಪ್ಪಿಗೆ ಪಡೆದೇ ಬರೀತಿದ್ದೀನಿ.) ದಾಂಪತ್ಯದ ಪ್ರಶ್ನೆಗೆ ನಕ್ಕು ಸುಮ್ಮನಾದರಂತೆ. ಪರವಾಗಿಲ್ಲ, ಒಂದು ಬಿಟ್ಟರೆ 50ರ ಬದಲು 45ಕ್ಕೆ ಲೆಕ್ಕ. 18 ಬಂತು, ಅಂದರೆ ಶೇಕಡಾ 40. ಮಧ್ಯಮ ತೊಂದರೆಯ ಕೊನೇ ಮೆಟ್ಟಿಲು, ಅದರಾಚೆ ತೀವ್ರ. ನನ್ನ ಹತ್ತಿರ ಅಷ್ಟು ದಿನ "ಏನಿಲ್ಲಣ್ಣ" ಅಂತಿದ್ದರು. ನೋವು ಅಂದರೆ ನಾಳೆ ಕೆಲಸಕ್ಕೆ ಕರೆಯಲ್ವೇನೋ ಅನ್ನೋ ಭಯ. ಹಾಗಾಗಿ ಕೂಲಿ ಕೊಡೋರು ಈ ಪ್ರಶ್ನೆ ಕೇಳಬಾರದು, ಸರಿಯಾದ ಉತ್ತರ ಬರಲ್ಲ.

ಹೇಳಿಕೊಟ್ಟ ವ್ಯಾಯಾಮ ಶುರು ಮಾಡಿದರು. ನಾವು ನಿಂತೇ ತಳ್ಳೋ ಸೈಕಲ್ ಎಡೆಕುಂಟೆ ತಂದೆವು, ಬಗ್ಗೋ ಕೆಲಸವನ್ನ ಗಂಟೆಗೊಮ್ಮೆ ಬದಲಿಸಿದೆವು, ಕೂಲಿ ಇಳಿಸಲಿಲ್ಲ. ಎರಡು ತಿಂಗಳಿಗೆ 18 ಇದ್ದದ್ದು 12, ಅಂದರೆ ಶೇಕಡಾ 27ರ ಹತ್ತಿರ. ಸುಮಾರು 10 ಅಂಶ ಇಳಿದರೆ ನಿಜವಾದ ಸುಧಾರಣೆ ಅಂತ ಸಾಮಾನ್ಯವಾಗಿ ಪರಿಗಣಿಸ್ತಾರೆ. ಯಾವುದರಿಂದ ಎಷ್ಟು ಇಳಿಯಿತು ಅಂತ ಬಿಡಿಸಿ ಹೇಳೋಕೆ ಆಗಲ್ಲ.

ಮನೆಯಲ್ಲೇ ಮಾಡೋಕೆ ಇನ್ನೊಂದು ವಿಧಾನ ಸುಲಭ, ನನಗೆ ಇದೇ ಹೆಚ್ಚು ಇಷ್ಟ. ನೋವಿನಿಂದ ಕಷ್ಟವಾಗೋ ಮೂರು ಕೆಲಸ ನೀವೇ ಆರಿಸಿ: ಹಾಲು ಕರೆಯೋದು, ಗೊಬ್ಬರದ ಬುಟ್ಟಿ ಎತ್ತೋದು, ಸಸಿ ನಾಟಿ, ಏನಾದರೂ ಸರಿ. ಮಾಡೋಕೇ ಆಗಲ್ಲ ಅಂದರೆ 0, ಮೊದಲಿನಂತೆ ಆಗುತ್ತೆ ಅಂದರೆ 10. ಇಲ್ಲಿ ಅಂಕ ಏರಬೇಕು, ಗಮನಿಸಿ. ವಾರಕ್ಕೊಮ್ಮೆ ಬರೆದಿಟ್ಟು ವೈದ್ಯರಿಗೆ ತೋರಿಸಿ.

ಆದರೆ ಮೂತ್ರ-ಮಲದ ಹಿಡಿತ ತಪ್ಪಿದರೆ, ತೊಡೆ ಸಂದು ಮರಗಟ್ಟಿದರೆ, ಕಾಲಿನ ಶಕ್ತಿ ಕುಂದುತ್ತಾ ಹೋದರೆ ಅಂಕ ಬರೀತಾ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.